ಬಿರುಕು ಬಿಟ್ಟ ಎಂಜಿಎ ಬ್ಲಾಕಿನ ಬದಲು ಅಂಬಾಸಿಡರ್ ಎಂಜಿನ್ ಕೂರಿಸಬಹುದೇ?

ಅಂಗಳದ ಗ್ಯಾರೇಜು (ಬದಿಯಡ್ಕ):
ನನ್ನ ಸೋದರಮಾವನವರು ಮದ್ರಾಸಿನಲ್ಲಿ ಉದ್ಯೋಗದಲ್ಲಿದ್ದಾಗ ಕೊಂಡಿದ್ದ 1958ರ ಎಂಜಿಎ 1500 ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಈಗ ನನ್ನ ಪಾಲಿಗೆ ಬಂದಿದೆ. ಅಡಿಕೆ ಒಣಗಿಸುವ ಅಂಗಳದ ಒಂದು ಬದಿಗೆ ತಗಡಿನ ಮಾಡು ಹಾಕಿ, ಎರಡು ವರ್ಷಗಳಿಂದ ರಜಾದಿನಗಳಲ್ಲಿ ನಾನೇ ಅದನ್ನು ಬಿಚ್ಚಿ ದುರಸ್ತಿ ಮಾಡುತ್ತಿದ್ದೇನೆ. ಎಂಜಿನ್ ಬ್ಲಾಕಿನಲ್ಲಿ ಮೂರನೆಯ ಸಿಲಿಂಡರಿನ ಹೊರಮೈಗೆ ಬಿರುಕು ಬಿದ್ದಿದೆ. ಹಿಂದೊಮ್ಮೆ ಬೋರ್ ಮಾಡಿಸಿ (ಸಿಲಿಂಡರ್ ಕೊರೆದು ಅಗಲಿಸಿ) 40 ಥೌ, ಅಂದರೆ ಇಂಚಿನ ಸಾವಿರದ 40 ಭಾಗದಷ್ಟು, ಓವರ್‌ಸೈಜ್ ಪಿಸ್ಟನ್ ಹಾಕಿಸಿದ್ದೂ ಕಾಣುತ್ತದೆ. ಮಂಗಳೂರಿನ ಗುಜರಿಯೊಂದರಲ್ಲಿ ಹಳೆಯ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಇದೆ, ಐದು ಗೇರಿನ ಪೆಟ್ಟಿಗೆಯ ಸಹಿತ ಇಸುಝು 1800 ಎಂಜಿನ್ ಕೂಡ ಇದೆ. ಯಾವುದನ್ನು ತರಲಿ? ಅದರ ಜೊತೆಗೆ, ಮೊದಲಿನಿಂದಲೂ ಇರುವ ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಬಾಡಿಗೆ ಜೋಡಿಸುವ ಕ್ರಮ) ಬಿಟ್ಟು ನೆಗೆಟಿವ್ ಅರ್ತ್ ಮಾಡಬೇಕೆಂದಿದ್ದೇನೆ. ಸೀಟಿನ ಹಿಂದೆ ಎರಡು ಆರು ವೋಲ್ಟಿನ ಬ್ಯಾಟರಿಗಳು ಕೂರುವ ತೊಟ್ಟಿಲು ತುಕ್ಕು ತಿಂದು ಹಾಳೆಯಂತಾಗಿದೆ.

ಮೂಲರೂಪವಾದಿ (ಕುಂಬಳೆ):
1955ರಿಂದ 1962ರ ತನಕ ಅಬಿಂಗ್ಡನ್ ಕಾರ್ಖಾನೆಯಿಂದ ಹೊರಬಂದ ಎಂಜಿಎ ಕಾರುಗಳ ಒಟ್ಟು ಸಂಖ್ಯೆ ಸುಮಾರು ಒಂದು ಲಕ್ಷ ಮಾತ್ರ, ಅವುಗಳಲ್ಲೊಂದು ಬದಿಯಡ್ಕದ ಅಂಗಳದಲ್ಲಿ ಕುಳಿತಿರುವಾಗ ಅದರ ಹೊಟ್ಟೆಗೆ ಬಾಡಿಗೆ ಟ್ಯಾಕ್ಸಿಯ ಎಂಜಿನನ್ನು ತುರುಕಲು ಹೊರಟಿರುವುದು ಆ ಕಾರಿಗೆ ಮಾಡುವ ಅವಮಾನವೆಂದೇ ನಾನು ತಿಳಿಯುತ್ತೇನೆ. ಎರಕದ ಕಬ್ಬಿಣದ ಬಿರುಕನ್ನು ಬಿಸಿ ಮಾಡದೆ ಲೋಹದ ಹೊಲಿಗೆಯಿಂದ ಮುಚ್ಚುವ ವಿಧಾನವಿದೆ, ಸಿಲಿಂಡರಿಗೆ ಸ್ಲೀವ್ (ಒಳಗೆ ಕೂರಿಸುವ ಲೋಹದ ಕೊಳವೆ) ಹಾಕಿಸಿದರೆ ಮೂಲ ಅಳತೆಯ ಪಿಸ್ಟನ್ನಿಗೇ ಮರಳಬಹುದು. ಖರ್ಚಾಗುತ್ತದೆ, ಆಗಲಿ.

ಹೊಸೂರಿನ ಫಿಟ್ಟರ್:
ಅವಮಾನವೆಂಬ ಮಾತನ್ನು ಬಳಸುವ ಮೊದಲು ಕುಂಬಳೆಯವರು ಒಂದು ವರ್ನಿಯರ್ ಹಿಡಿದು ಎರಡೂ ಎಂಜಿನ್ನುಗಳ ಅಳತೆ ನೋಡಬೇಕಿತ್ತು. ಅಂಬಾಸಿಡರಿನ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸರಣಿಯದು, ಎಂಜಿಎ 1500ರದ್ದೂ ಅದೇ ಸರಣಿಯದು. ಎರಡರಲ್ಲೂ ಬೋರ್ (ಸಿಲಿಂಡರಿನ ವ್ಯಾಸ) 73.025 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 88.9 ಮಿಲಿಮೀಟರ್. ಅಣ್ಣತಮ್ಮಂದಿರಲ್ಲಿ ಒಬ್ಬ ಮಾರಿಸ್ ಆಕ್ಸ್‌ಫರ್ಡಿನ ಮೂಲಕ ಕಲ್ಕತ್ತೆಗೆ ಬಂದು ಟ್ಯಾಕ್ಸಿ ಓಡಿಸಿದ, ಇನ್ನೊಬ್ಬ ಅಬಿಂಗ್ಡನ್ನಿನಲ್ಲಿ ಓಟಕ್ಕೆ ನಿಂತ, ಅಷ್ಟೇ ವ್ಯತ್ಯಾಸ. ಅಂಬಾಸಿಡರಿನ ಬ್ಲಾಕ್ ತಂದು, ನಿಮ್ಮದೇ ಎಂಜಿಎ ಸಿಲಿಂಡರ್ ಹೆಡ್, ಕ್ಯಾಮ್‌ಶಾಫ್ಟ್, ಎರಡು ಎಸ್‌ಯು ಕಾರ್ಬುರೇಟರ್‌ಗಳನ್ನು ಅದಕ್ಕೆ ಕೂರಿಸಿ. ಬಾನೆಟ್ ಎತ್ತಿದರೂ ಯಾರಿಗೂ ತಿಳಿಯುವುದಿಲ್ಲ. ಇಸುಝುವಿನ ಯೋಚನೆ ಬಿಡಿ. ಅದರ ಕ್ಯಾಮ್ ತಲೆಯ ಮೇಲಿರುವುದರಿಂದ ಎಂಜಿನ್ ಎತ್ತರ, ಎಂಜಿಎಯ ಬಾನೆಟ್ ತಗ್ಗು, ಕೊನೆಗೆ ಬಾನೆಟ್ ಕೊರೆಯಬೇಕಾದೀತು. ಅಷ್ಟು ಮಾಡಿ ಸಿಗುವ ಶಕ್ತಿಯೂ ಮೂಲದ 72 ಅಶ್ವಶಕ್ತಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಕಾರಿಗೆ ಅದಕ್ಕಿಂತ ಹೆಚ್ಚು ಬೇಕಾಗಿಯೂ ಇಲ್ಲ.

ಹೊಸಂಗಡಿ ವಕೀಲ:
"ಯಾರಿಗೂ ತಿಳಿಯುವುದಿಲ್ಲ" ಎಂಬ ವಾಕ್ಯವನ್ನು ಸಾರ್ವಜನಿಕವಾಗಿ ಬರೆದವರ ಧೈರ್ಯವನ್ನು ಮೆಚ್ಚಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ನಿನ ಪ್ರಕಾರ, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಹೊಂದದೆ ಹೋಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಇದನ್ನು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ನಮ್ಮ ಕೇರಳ ಹೈಕೋರ್ಟಿನಿಂದ ಹೋದ ಪ್ರಕರಣದಲ್ಲಿಯೇ. ಇನ್ನು 2021ರ ವಿಂಟೇಜ್ ನಿಯಮ: 50 ವರ್ಷ ಮೀರಿದ ವಾಹನಕ್ಕೆ 'ವಿಎ' ಅಕ್ಷರಗಳ ನಂಬರ್ ಪ್ಲೇಟ್ ಸಿಗಬೇಕಾದರೆ ಅದು ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದು.

ಹೊಸೂರಿನ ಫಿಟ್ಟರ್:
ವಕೀಲರು ಸೆಕ್ಷನ್ನಿನ ಮೊದಲ ಉಪವಿಭಾಗವನ್ನು ಓದಿ ಪುಸ್ತಕ ಮುಚ್ಚಿದಂತೆ ಕಾಣುತ್ತದೆ. ಅದೇ 52ನೆಯ ಸೆಕ್ಷನ್ನಿನಲ್ಲಿ ಮುಂದೆ, ಎಂಜಿನ್ ಬದಲಾಯಿಸಿದರೆ 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ವರದಿ ಮಾಡಬೇಕೆಂದು ಬರೆದಿದೆ. ಬದಲಾಯಿಸುವುದೇ ಅಪರಾಧವಾಗಿದ್ದರೆ ವರದಿ ಮಾಡುವುದು ಏನನ್ನು, ತಪ್ಪೊಪ್ಪಿಗೆಯನ್ನೇ?

ಉಪ್ಪಳ ಎಲೆಕ್ಟ್ರಿಶಿಯನ್:
ಎಂಜಿನ್ನಿನ ವಿಷಯ ನೀವೇ ನೋಡಿಕೊಳ್ಳಿ, ಆದರೆ ಪಾಸಿಟಿವ್ ಅರ್ತ್ ಬದಲಾಯಿಸಬೇಡಿ ಎಂದು ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ಇದೇ ಕೆಲಸ ಮಾಡಿದವನ ನೆಲೆಯಲ್ಲಿ ಹೇಳುತ್ತೇನೆ. ಬ್ರಿಟಿಷರು ಪಾಸಿಟಿವ್ ತುದಿಯನ್ನು ಬಾಡಿಗೆ ಕೊಟ್ಟದ್ದು ಹುಚ್ಚಿನಿಂದಲ್ಲ, ತುಕ್ಕು ಕಡಿಮೆಯಾಗಲೆಂದು. ಸಂಶಯವಿದ್ದರೆ ಟೆಲಿಫೋನ್ ಎಕ್ಸ್‌ಚೇಂಜಿಗೆ ಹೋಗಿ ನೋಡಿ. ಅಲ್ಲಿಯ 48 ವೋಲ್ಟ್ ಬ್ಯಾಟರಿಯ ಪಾಸಿಟಿವ್ ತುದಿಯೇ ಭೂಮಿಗೆ ಹೋಗಿರುತ್ತದೆ, ಅದೂ ಇದೇ ಕಾರಣಕ್ಕೆ. ಅರಬಿ ಸಮುದ್ರದಿಂದ ಉಪ್ಪುಗಾಳಿ ಬರುವ ನಮ್ಮ ಊರಿನಲ್ಲಿ ಇರುವ ರಕ್ಷಣೆಯನ್ನು ಕಳೆದುಕೊಳ್ಳುವುದು ಬುದ್ಧಿವಂತಿಕೆಯಲ್ಲ.

ನೀರ್ಚಾಲಿನ ಮಾಷ್ಟ್ರು:
ನಿವೃತ್ತಿಯಾಗಿ ಹನ್ನೊಂದು ವರ್ಷಗಳಾದರೂ ವಿದ್ಯುದ್ವಿಭಜನೆಯ ಪಾಠವನ್ನು ಇನ್ನೊಮ್ಮೆ ಮಾಡಬೇಕಾಗಿ ಬಂದಿರುವುದು ನನ್ನ ದೌರ್ಭಾಗ್ಯ. ಒದ್ದೆಯಾದ ಜಾಗದಲ್ಲಿ ನೇರ ವಿದ್ಯುತ್ತು ಹರಿದಾಗ ಕರಗುವುದು ಧನಾಗ್ರದ ಲೋಹ. ಟೆಲಿಫೋನಿನಲ್ಲಿ ಋಣ ತುದಿಗೆ ಸೇರಿರುವುದು ನೆಲದಡಿಯ ತಾಮ್ರದ ತಂತಿ, ಆದ್ದರಿಂದ ಉಳಿಯುವುದು ತಂತಿ. ಸವೆಯುವುದು ಭೂಮಿಯಲ್ಲಿ ಹೂತಿರುವ ತಗಡು, ಅದು ಸವೆದರೆ ಯಾರೂ ಅಳುವುದಿಲ್ಲ. ಕಾರಿನಲ್ಲಿ ಆ ತಗಡಿನ ಸ್ಥಾನದಲ್ಲಿರುವುದು ಕಾರಿನ ಬಾಡಿಯೇ! ಒಂದು ಆಂಪಿಯರ್ ವರ್ಷವಿಡೀ ಹೀಗೆ ಸೋರಿದರೆ ಸುಮಾರು 9 ಕಿಲೋಗ್ರಾಂ ಕಬ್ಬಿಣ ಕರಗುತ್ತದೆಂದು ಫ್ಯಾರಡೆಯ ನಿಯಮದಿಂದ ಯಾವ ಹುಡುಗನೂ ಲೆಕ್ಕ ಹಾಕಬಲ್ಲ. ಆ ಬ್ಯಾಟರಿಯ ತೊಟ್ಟಿಲು ಹಾಳೆಯಂತಾದದ್ದೂ, ನೆಲದ ತಗಡು ತೂತಾದದ್ದೂ ಇದರಿಂದಲೇ.

ಮೂಲರೂಪವಾದಿ (ಕುಂಬಳೆ):
"ನೆಲದ ತಗಡು" ಎಂದಿರಾ ಮಾಷ್ಟ್ರೇ? ಎಂಜಿಎ ಕಾರಿನ ನೆಲ ತಗಡೇ ಅಲ್ಲ, ಪ್ಲೈವುಡ್ ಹಲಗೆ. ಕಾರನ್ನು ನೋಡದೆ ಅದರ ರೋಗಕ್ಕೆ ಔಷಧಿ ಬರೆಯುವವರ ಬಗ್ಗೆ ನಾನೇನನ್ನೂ ಹೇಳುವುದಿಲ್ಲ. ಇದರಲ್ಲಿ ತುಕ್ಕು ಹಿಡಿಯುವುದು ಬಾಗಿಲಿನ ಕೆಳಗಿನ ಸಿಲ್, ಮಡ್‌ಗಾರ್ಡಿನ ಕೆಳತುದಿ, ಚಾಸಿಯ ಅಕ್ಕಪಕ್ಕದ ಪಟ್ಟಿಗಳು, ಮತ್ತೆ ಆ ತೊಟ್ಟಿಲು. ಬಾಗಿಲಿನ ಹೊರಮೈ, ಬಾನೆಟ್, ಡಿಕ್ಕಿಯ ಮುಚ್ಚಳ ಅಲ್ಯೂಮಿನಿಯಂ.

ಉಪ್ಪಳ ಎಲೆಕ್ಟ್ರಿಶಿಯನ್:
ಕುಂಬಳೆಯವರಿಗೆ ಧನ್ಯವಾದ. ಮಾಷ್ಟ್ರೇ, ಹತ್ತನೆಯ ತರಗತಿಯಲ್ಲಿ ನಿಮ್ಮ ಬೆತ್ತದ ಪೆಟ್ಟು ತಿಂದವರಲ್ಲಿ ನಾನೂ ಒಬ್ಬ, ಆದ್ದರಿಂದ ಮರ್ಯಾದೆಯಿಂದಲೇ ಕೇಳುತ್ತೇನೆ: ಪ್ಲೈವುಡ್ ಹಲಗೆಯನ್ನು ಫ್ಯಾರಡೆಯ ಯಾವ ನಿಯಮದಿಂದ ತೂತು ಮಾಡಿದಿರಿ? ಒಂದು ಆಂಪಿಯರ್ ವರ್ಷವಿಡೀ ಸೋರುವ ಕಾರಿನ ಬ್ಯಾಟರಿ ನಾಲ್ಕು ದಿನವೂ ಬಾಳುವುದಿಲ್ಲ ಎಂಬುದು ಯಾವ ಆಟೊ ಚಾಲಕನಿಗೂ ಗೊತ್ತು.

ನೀರ್ಚಾಲಿನ ಮಾಷ್ಟ್ರು:
ನಾನು ಆಂಪಿಯರ್ ಎಂದದ್ದು ಲೆಕ್ಕದ ಅನುಕೂಲಕ್ಕೆ. ಒಂದು ಮಿಲಿಆಂಪಿಯರ್ ಎಂದಿಟ್ಟುಕೊಂಡರೂ ವರ್ಷಕ್ಕೆ 9 ಗ್ರಾಂ ಹೋಗುತ್ತದೆ, ಅದೂ ಬ್ಯಾಟರಿಯ ತುದಿಗೆ ಹತ್ತಿರವಿರುವ ಒಂದೇ ಜಾಗದಿಂದ. ಮೂವತ್ತು ವರ್ಷಗಳಲ್ಲಿ ತೊಟ್ಟಿಲು ಉಳಿಯುವುದಿಲ್ಲ. ಬೆತ್ತದ ವಿಚಾರ ಎತ್ತಿದ್ದರಿಂದ ಹೇಳುತ್ತೇನೆ, ಪೆಟ್ಟು ಸಾಲದೆ ಹೋಯಿತೆಂದು ಈಗ ಅನ್ನಿಸುತ್ತಿದೆ. ಬ್ರಿಟಿಷರಿಗೆ ಪಾಸಿಟಿವ್ ಅರ್ತಿನ ಮೇಲೆ ಅಷ್ಟು ನಂಬಿಕೆಯಿದ್ದರೆ ಎಂಜಿಎಯ ನಂತರ ಬಂದ ಎಂಜಿಬಿ ಕಾರಿಗೆ 1967ರಲ್ಲಿ ಆಲ್ಟರ್ನೇಟರ್ ಕೂರಿಸುವಾಗ ತಾವೇ ಏಕೆ ನೆಗೆಟಿವ್‌ಗೆ ಬದಲಾದರು?

ಉಪ್ಪಳ ಎಲೆಕ್ಟ್ರಿಶಿಯನ್:
ಪೆಟ್ಟು ಸಾಲಲಿಲ್ಲ ಎನ್ನುವುದು ಯಾವ ವಿಜ್ಞಾನವೋ ನನಗೆ ತಿಳಿಯದು. ಬದಲಾದದ್ದು ಆಲ್ಟರ್ನೇಟರಿನ ಡಯೋಡುಗಳಿಗಾಗಿ, ತುಕ್ಕಿಗಾಗಿ ಅಲ್ಲ. ಇದಕ್ಕಿಂತ ಹೆಚ್ಚು ನಾನು ಬರೆದರೆ ನನ್ನ ನಾಲಿಗೆ ಜಾರೀತು.

ಎಣ್ಮಕಜೆ ಕೃಷಿಕ:
ದೊಡ್ಡವರ ಜಗಳದಲ್ಲಿ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕಾರು ನಿಂತದ್ದು ಅಡಿಕೆ ಕೊಟ್ಟಿಗೆಯಲ್ಲಾದರೆ ಅಲ್ಲಿ ಮೈಲುತುತ್ತಿನ ಚೀಲ ಇತ್ತೇ? ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವಾಗ ನಾವು ಕಬ್ಬಿಣದ ಪಾತ್ರೆ ಮುಟ್ಟುವುದಿಲ್ಲ. ತಯಾರಾದ ದ್ರಾವಣದಲ್ಲಿ ಕತ್ತಿಯ ತುದಿ ಅದ್ದಿ ಕೆಂಪಗೆ ತಾಮ್ರ ಹತ್ತಿತೇ ಎಂದು ಪರೀಕ್ಷಿಸಿ, ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಹಾಕುತ್ತೇವೆ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆಂಬುದಕ್ಕೆ ಅರ್ತ್ ಯಾವ ಕಡೆ ಇದೆಯೆಂದು ನೋಡಬೇಕಾಗಿಲ್ಲ.

ಹೊಸಂಗಡಿ ವಕೀಲ:
ಮೈಲುತುತ್ತು, ಟೆಲಿಫೋನು, ಬೆತ್ತ, ಎಲ್ಲವೂ ಆಯಿತು. ಚಾಸಿಯ ಪಟ್ಟಿಗಳನ್ನು ಕತ್ತರಿಸಿ ವೆಲ್ಡಿಂಗ್ ಮಾಡಿದರೆ ಅದು ಗಣನೀಯ ಮಾರ್ಪಾಡೇ ಅಲ್ಲವೇ ಎಂಬ ನನ್ನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಹೊಸೂರಿನ ಫಿಟ್ಟರ್:
ಆ ಪ್ರಶ್ನೆಯನ್ನು ನೀವು ಕೇಳಿದ್ದು ಇದೇ ಮೊದಲ ಸಲ.

ಅಂಗಳದ ಗ್ಯಾರೇಜು (ಬದಿಯಡ್ಕ):
ಎರಡು ವಿಷಯ ಸ್ಪಷ್ಟಪಡಿಸುತ್ತೇನೆ. ಕೊಟ್ಟಿಗೆಯಲ್ಲಿ ಮೈಲುತುತ್ತಿನ ಚೀಲಗಳಿದ್ದದ್ದು ನಿಜ, ಹೋದ ವರ್ಷದ ತನಕ ಅವು ಕಾರಿನ ಹಿಂಬದಿಗೇ ಒರಗಿದ್ದವು. ಬ್ಯಾಟರಿಗಳನ್ನಾದರೋ ಮಾವನವರು 1991ರಲ್ಲಿ ಕಾರು ನಿಲ್ಲಿಸಿದ ದಿನವೇ ಬಿಚ್ಚಿ ಕೊಟ್ಟುಬಿಟ್ಟಿದ್ದರು. ಹೀಗಿರುವಾಗ ಅಷ್ಟು ವರ್ಷ ಕರೆಂಟು ಹರಿದದ್ದು ಎಲ್ಲಿಂದ? ತೊಟ್ಟಿಲಿನ ಒಳಗೆ ಬ್ಯಾಟರಿಯ ಆಸಿಡ್ ಚೆಲ್ಲಿದ ಬಿಳಿ ಕಲೆಯೂ ಇದೆ. ದಯವಿಟ್ಟು ಎಂಜಿನ್ ಬಗ್ಗೆ ಹೇಳಿ.

ನೀರ್ಚಾಲಿನ ಮಾಷ್ಟ್ರು:
1958ರಿಂದ 1991ರ ತನಕ ಮೂವತ್ತಮೂರು ವರ್ಷ ಬ್ಯಾಟರಿ ಇತ್ತಲ್ಲ. ನಾನು ಹೇಳಿದ್ದೂ ಮೂವತ್ತು ವರ್ಷವನ್ನೇ.

ಉಪ್ಪಳ ಎಲೆಕ್ಟ್ರಿಶಿಯನ್:
ಪಾಸಿಟಿವ್ ಅರ್ತ್ ಇದ್ದಷ್ಟು ಕಾಲ ತೊಟ್ಟಿಲು ಉಳಿಯಿತು, ಬ್ಯಾಟರಿ ಬಿಚ್ಚಿದ ಮೇಲೆ ಹೋಯಿತು ಎಂದು ಕಾರಿನ ಯಜಮಾನರೇ ಬರೆದಿದ್ದಾರೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೂ ಬದಲಾಯಿಸಲೇಬೇಕೆಂಬ ಹಟವಿದ್ದರೆ ಕ್ರಮ ಹೇಳಿಬಿಡುತ್ತೇನೆ, ಕೈ ಸುಟ್ಟುಕೊಂಡು ನನ್ನನ್ನು ಬಯ್ಯಬೇಡಿ: ಬ್ಯಾಟರಿಯ ತುದಿಗಳನ್ನು ಅದಲು ಬದಲು ಮಾಡಿದ ಮೇಲೆ ಡೈನಮೋದ ತಂತಿಗಳನ್ನು ಕಳಚಿ, ಬ್ಯಾಟರಿಯ ಲೈವ್ ತುದಿಯಿಂದ ಒಂದು ತಂತಿ ತಂದು ಫೀಲ್ಡ್ ಟರ್ಮಿನಲಿಗೆ ಎರಡು ಮೂರು ಸಲ ಕ್ಷಣಮಾತ್ರ ತಾಗಿಸಿ, ಇಗ್ನಿಷನ್ ಕಾಯಿಲಿನ ಎರಡು ತಂತಿಗಳನ್ನೂ ಅದಲು ಬದಲು ಮಾಡಿ. ಎಸ್‌ಯು ಪೆಟ್ರೋಲ್ ಪಂಪು ಹಳೆಯ ಪಾಯಿಂಟಿನದ್ದಾದರೆ ಎರಡು ಕಡೆಗೂ ನಡೆಯುತ್ತದೆ, ಒಳಗೆ ಡಯೋಡ್ ಹಾಕಿಸಿದ್ದರೆ ನಡೆಯುವುದಿಲ್ಲ. ಡೈನಮೋವನ್ನು ಹಾಗೆ ತಾಗಿಸದೆ ಓಡಿಸಿದರೆ ಡೈನಮೋ, ಬ್ಯಾಟರಿಗಳ ನಡುವಿನ ಕಟೌಟ್ ಪೆಟ್ಟಿಗೆ ಸುಡುತ್ತದೆ.

ಹೊಸೂರಿನ ಫಿಟ್ಟರ್:
ಪಂಪಿನ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್, ಅದು ಹಳೆಯ ರಬ್ಬರನ್ನೂ ಕಾರ್ಕನ್ನೂ ಹಾಳು ಮಾಡುತ್ತದೆ, ನೀರನ್ನು ಹೀರಿ ಟ್ಯಾಂಕಿನ ತಳಕ್ಕೆ ತುಕ್ಕು ತರುತ್ತದೆ. ಪೈಪು, ಡಯಾಫ್ರಮ್, ಸೀಲುಗಳನ್ನು ಎಥೆನಾಲ್ ತಡೆಯುವ ಬಗೆಯವಾಗಿಯೇ ತರಿಸಿ. ಸೀಸದ ಪೆಟ್ರೋಲ್ ನಮ್ಮ ದೇಶದಲ್ಲಿ 2000ದಲ್ಲೇ ನಿಂತುಹೋಯಿತು, ಹೆಡ್ ಬಿಚ್ಚಿದ್ದಾಗಲೇ ಎಗ್ಸಾಸ್ಟ್ ವಾಲ್ವುಗಳಿಗೆ ಗಟ್ಟಿ ಸೀಟು ಹೊಡೆಸಿ. ಇವೆಲ್ಲ ಅಬಿಂಗ್ಡನ್ನಿನಲ್ಲಿ ಇರಲಿಲ್ಲವೆಂದು ಕುಂಬಳೆಯವರು ಅಳುವುದು ಖಚಿತ.

ಮೂಲರೂಪವಾದಿ (ಕುಂಬಳೆ):
ಸೀಟು, ಸೀಲುಗಳಿಗೆ ನನ್ನ ಆಕ್ಷೇಪವೇ ಇರಲಿಲ್ಲ. ಒಂದೇ ಪ್ರಶ್ನೆ: ಎಂಜಿಎಯ ಟ್ಯಾಕೋಮೀಟರ್ (ಎಂಜಿನ್ ಸುತ್ತುವ ವೇಗ ತೋರಿಸುವ ಮೀಟರ್) ಕೇಬಲು ಎಂಜಿನ್ ಬ್ಲಾಕಿನ ಹಿಂಭಾಗದಿಂದಲೇ ಹೊರಡುತ್ತದೆ. ಫಿಟ್ಟರ್ ಮಹಾಶಯರು ಆ ಕೇಬಲನ್ನು ಅಂಬಾಸಿಡರಿನ ಬ್ಲಾಕಿನಲ್ಲಿ ಎಲ್ಲಿಗೆ ಸಿಕ್ಕಿಸುತ್ತಾರೆ?

ಹೊಸೂರಿನ ಫಿಟ್ಟರ್:
ಕೇಬಲಿಗಾಗಿ ಒಂದು ಕಾರನ್ನು ಇನ್ನೂ ಮೂವತ್ತು ವರ್ಷ ಕೊಟ್ಟಿಗೆಯಲ್ಲಿ ನಿಲ್ಲಿಸುವುದು ನಿಮ್ಮ ಮೂಲರೂಪವಾದವಾದರೆ ನನಗೆ ಹೇಳುವುದೇನಿಲ್ಲ.

ಮೂಲರೂಪವಾದಿ (ಕುಂಬಳೆ):
ಉತ್ತರ ಸಿಗಲಿಲ್ಲವೆಂದು ಎಲ್ಲರೂ ಗಮನಿಸಿರಿ.

ಅಂಗಳದ ಗ್ಯಾರೇಜು (ಬದಿಯಡ್ಕ):
ಗುಜರಿಯವರು ಅಂಬಾಸಿಡರ್ ಎಂಜಿನನ್ನು ನಿನ್ನೆ ಬೇರೊಬ್ಬರಿಗೆ ಕೊಟ್ಟರೆಂದು ಫೋನು ಬಂತು. ಬ್ಲಾಕಿಗೆ ಹೊಲಿಗೆ ಹಾಕುವವರ ವಿಳಾಸ ಹುಡುಕುತ್ತಿದ್ದೇನೆ, ಆಗದಿದ್ದರೆ ಮುಂದಿನದ್ದು ಮತ್ತೆ ನೋಡೋಣ. ಬರುವ ಆದಿತ್ಯವಾರ ಬೆಳಗ್ಗೆ ಬಾಡಿಯನ್ನು ಚಾಸಿಯಿಂದ ಎತ್ತಿ ಇಳಿಸುವುದಿದೆ. ಆರು ಜನ ಬೇಕು, ಈಗ ಇರುವುದು ನಾಲ್ಕು. ಹತ್ತಿರದವರು ಯಾರಾದರೂ ಬಂದರೆ ಉಪಕಾರವಾಗುತ್ತದೆ, ಮಧ್ಯಾಹ್ನದ ಊಟ ನಮ್ಮಲ್ಲೇ.

ಹೊಸಂಗಡಿ ವಕೀಲ:
ಇಳಿಸುವ ಮೊದಲು ಚಾಸಿ ನಂಬರಿನ ಫೋಟೊ ದಿನಾಂಕ ಸಹಿತ ತೆಗೆದಿಟ್ಟುಕೊಳ್ಳಿ. ಆದಿತ್ಯವಾರ ನನಗೆ ಬೇರೆ ಕೆಲಸವಿದೆ.

ನೀರ್ಚಾಲಿನ ಮಾಷ್ಟ್ರು:
ನಾನು ಬರುತ್ತೇನೆ. ನನ್ನ ಸೊಂಟದಲ್ಲಿ ಬಾಡಿ ಎತ್ತುವ ಶಕ್ತಿಯಿಲ್ಲ, ಆ ತೊಟ್ಟಿಲನ್ನೊಮ್ಮೆ ಕಣ್ಣಾರೆ ನೋಡಬೇಕು.

ಉಪ್ಪಳ ಎಲೆಕ್ಟ್ರಿಶಿಯನ್:
ಮಾಷ್ಟ್ರು ಬರುವುದಾದರೆ ನಾನೂ ಮೀಟರ್ ಹಿಡಿದುಕೊಂಡು ಬರುತ್ತೇನೆ.