ರೀಸಸ್ ಕೋತಿಯ ಜೀವಕೋಶ ಎಚ್‌ಐವಿಯನ್ನು ತಡೆಯುತ್ತದೆ, ನಮ್ಮದೇಕೆ ತಡೆಯುವುದಿಲ್ಲ?

ಸುಮನಾ (ಪ್ರಶ್ನೆ)

ಜನ್ಮಜಾತ ರೋಗನಿರೋಧಕ ವ್ಯವಸ್ಥೆಯ (ಹುಟ್ಟಿನಿಂದಲೇ ಇರುವ ರಕ್ಷಣೆಯ) ಜೀನ್‌ಗಳು ಪ್ರೈಮೇಟ್‌ಗಳಲ್ಲಿ, ಅಂದರೆ ಕೋತಿ, ವಾನರ, ಮನುಷ್ಯರಿರುವ ಪ್ರಾಣಿವರ್ಗದಲ್ಲಿ, ವಿಕಾಸಗೊಂಡ ಬಗೆಯನ್ನು ಓದುತ್ತಿದ್ದೇನೆ. ಅದರಲ್ಲಿ ಒಂದು ಸಂಗತಿ ಬಗೆಹರಿಯುತ್ತಿಲ್ಲ. ಎಚ್‌ಐವಿ-1 ರೀಸಸ್ ಕೋತಿಯ ಜೀವಕೋಶವನ್ನು ಹೊಕ್ಕರೂ ಅಲ್ಲಿ ನೆಲೆಯೂರಲಾರದು. ಅದನ್ನು ತಡೆಯುವುದು ಟ್ರಿಮ್5-ಆಲ್ಫಾ ಎಂಬ ಪ್ರೋಟೀನ್ ಎಂಬುದು 2004ರಲ್ಲಿ ಗೊತ್ತಾಯಿತು. ಇದೇ ಪ್ರೋಟೀನ್ ಮನುಷ್ಯರಲ್ಲೂ ಇದೆ, ಆದರೆ ಎಚ್‌ಐವಿಯ ಎದುರು ಅದರಿಂದ ಹೆಚ್ಚೇನೂ ಆಗುವುದಿಲ್ಲ. ಇಬ್ಬರ ವಂಶಗಳೂ ಬೇರೆಯಾಗಿ ಎರಡೂವರೆಯಿಂದ ಮೂರು ಕೋಟಿ ವರ್ಷಗಳಾಗಿವೆ ಎನ್ನುತ್ತಾರೆ. ಈ ಅವಧಿಯಲ್ಲಿ ನಾವು ನಮಗಿದ್ದ ರಕ್ಷಣೆಯೊಂದನ್ನು ಕಳೆದುಕೊಂಡೆವೇ? ಇನ್ನೊಂದು ಪ್ರಶ್ನೆಯೂ ಇದೆ. ಒಂದು ಜೀನ್ ಬದಲಾದದ್ದು ವೈರಸ್‌ಗಳ ಒತ್ತಡದಿಂದಲೇ ಹೊರತು ಆಕಸ್ಮಿಕವಾಗಿ ಅಲ್ಲ ಎಂದು ಇಷ್ಟು ಕಾಲದ ಮೇಲೆ ಹೇಗೆ ನಿರ್ಧರಿಸುತ್ತಾರೆ?

ವಾದಿರಾಜ

ಸುಮನಾ ಅವರೇ, ಕಳೆದುಕೊಂಡೆವು ಎನ್ನುವುದಕ್ಕಿಂತ ನಮ್ಮ ಪ್ರೋಟೀನ್ ಬೇರೆ ವೈರಸ್‌ಗಳಿಗೆ ಹೊಂದಿಕೊಂಡು ರೂಪುಗೊಂಡಿದೆ ಎನ್ನುವುದು ಹೆಚ್ಚು ಸರಿ ಎಂದು ನನಗೆ ತೋರುತ್ತದೆ. ರೆಟ್ರೊವೈರಸ್ (ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿಸಿ ಜೀವಕೋಶದ ಜೀನೋಮಿಗೆ ಸೇರಿಸುವ, ಎಚ್‌ಐವಿಯಂಥ ವೈರಸ್) ಜೀವಕೋಶದೊಳಗೆ ಬಂದ ಕೂಡಲೇ ಅದರ ಒಳಕವಚಕ್ಕೆ ಟ್ರಿಮ್5-ಆಲ್ಫಾ ಜಾಲದಂತೆ ಅಂಟಿಕೊಂಡು, ವೈರಸ್ಸಿನ ಆರ್‌ಎನ್‌ಎ ಪೂರ್ತಿಯಾಗಿ ಡಿಎನ್‌ಎ ಆಗುವ ಮೊದಲೇ ಕವಚವನ್ನು ಕೆಡಿಸುತ್ತದೆ. ಯಾವ ಕವಚಕ್ಕೆ ಅಂಟಿಕೊಳ್ಳಬಲ್ಲದು ಎಂಬುದು ಆ ಪ್ರೋಟೀನಿನ ಒಂದು ತುದಿಯಲ್ಲಿರುವ ಕೆಲವೇ ಅಮೈನೋ ಆಮ್ಲಗಳ ಮೇಲೆ ನಿಂತಿದೆ. ಮನುಷ್ಯರ ಟ್ರಿಮ್5-ಆಲ್ಫಾದ 332ನೆಯ ಸ್ಥಾನದಲ್ಲಿ ಆರ್ಜಿನಿನ್ ಇದೆ. ಪ್ರಯೋಗಾಲಯದಲ್ಲಿ ಅದೊಂದನ್ನು ತೆಗೆದು ಅಲ್ಲಿ ಪ್ರೋಲಿನ್ ಇಟ್ಟರೆ ನಮ್ಮ ಪ್ರೋಟೀನ್ ಕೂಡ ಎಚ್‌ಐವಿ-1ನ್ನು ತಡೆಯತೊಡಗುತ್ತದೆ. ಬದಲಾವಣೆಯೇ ಇಲ್ಲದ ನಮ್ಮ ಪ್ರೋಟೀನ್ ಇಲಿಗಳ ಒಂದು ಬಗೆಯ ಲುಕೀಮಿಯಾ ವೈರಸ್ಸನ್ನು ಬಲವಾಗಿ ತಡೆಯುತ್ತದೆ. ಆದ್ದರಿಂದ ಅದನ್ನು ಹಾಳಾದ ಪ್ರೋಟೀನ್ ಎನ್ನಲಾಗದು.

ಕಾಲಮಾನವನ್ನೂ ಗಮನಿಸಬೇಕು. ಇಂದು ಜಗತ್ತಿನಾದ್ಯಂತ ಹರಡಿರುವ ಎಚ್‌ಐವಿ-1 ಚಿಂಪಾಂಜಿಗಳಿಂದ ಮನುಷ್ಯರಿಗೆ ದಾಟಿದ್ದು ಇಪ್ಪತ್ತನೆಯ ಶತಮಾನದ ಆದಿಭಾಗದ ಆಸುಪಾಸಿನಲ್ಲಿ. ಒಂದು ಶತಮಾನವೆಂದರೆ ನಾಲ್ಕೈದು ತಲೆಮಾರು. ಅಷ್ಟರಲ್ಲಿ ಹೊಸ ರೂಪವೊಂದು ಇಡೀ ಜನಸಮುದಾಯದಲ್ಲಿ ಹರಡಿ ನೆಲೆಗೊಳ್ಳುವುದು ಸಾಧ್ಯವಿಲ್ಲ. ನಮ್ಮಲ್ಲಿ ಈಗಿರುವ ಟ್ರಿಮ್5-ಆಲ್ಫಾ ಹಿಂದೆ ಬಂದು ಹೋದ ವೈರಸ್‌ಗಳಿಗೆ ಉತ್ತರವಾಗಿ ರೂಪುಗೊಂಡದ್ದು.

ಆ ಹಳೆಯ ವೈರಸ್ ಯಾವುದು ಎಂಬುದಕ್ಕೂ ಒಂದು ಸೊಗಸಾದ ಊಹೆ ಇದೆ. ಚಿಂಪಾಂಜಿ ಮತ್ತು ಗೊರಿಲ್ಲಾಗಳ ಜೀನೋಮಿನಲ್ಲಿ ಪಿಟಿಇಆರ್‌ವಿ-1 ಎಂಬ ಅಳಿದುಹೋದ ರೆಟ್ರೊವೈರಸ್ಸಿನ ನೂರಕ್ಕೂ ಹೆಚ್ಚು ಅವಶೇಷಗಳಿವೆ, ಮನುಷ್ಯರಲ್ಲಿ ಒಂದೂ ಇಲ್ಲ. 2007ರಲ್ಲಿ ವಿಜ್ಞಾನಿಗಳಾದ ಹರ್ಮಿತ್ ಮಲಿಕ್ ಮತ್ತು ಮೈಕೆಲ್ ಎಮರ್ಮನ್ ಅವರ ತಂಡ ಅದರ ಕವಚದ ಭಾಗವನ್ನು ಮರುಸೃಷ್ಟಿಸಿ ಪರೀಕ್ಷಿಸಿದಾಗ, ಮನುಷ್ಯರ ಟ್ರಿಮ್5-ಆಲ್ಫಾ ಅದನ್ನು ತಡೆಯುತ್ತದೆ ಎಂದೂ, ಎಚ್‌ಐವಿಯನ್ನು ತಡೆಯುವಂತೆ 332ನೆಯ ಸ್ಥಾನವನ್ನು ಬದಲಿಸಿದರೆ ಈ ಸಾಮರ್ಥ್ಯ ಹೋಗುತ್ತದೆ ಎಂದೂ ಕಂಡುಬಂತು. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆಯನ್ನು ನಾನು ಓದಿಲ್ಲ.

ಮೃಣಾಲಿನಿ

ವಾದಿರಾಜ ಅವರು ಹೇಳಿದ ಊಹೆಗೆ ಒಂದು ತಿದ್ದುಪಡಿ ಸೇರಿಸಲೇಬೇಕು. 2008ರಲ್ಲಿ ಮತ್ತೊಂದು ತಂಡ ಅದೇ ಪಿಟಿಇಆರ್‌ವಿ-1ರ ಕವಚವನ್ನು ಬೇರೆ ರೀತಿಯಲ್ಲಿ ಮರುರೂಪಿಸಿ ನೋಡಿದಾಗ ಟ್ರಿಮ್5-ಆಲ್ಫಾ ಅದನ್ನು ತಡೆಯಲಿಲ್ಲ. ಬದಲಿಗೆ ಜೀವಕೋಶದ ಇನ್ನೊಂದು ಬಗೆಯ ರಕ್ಷಕಗಳಾದ ಅಪೊಬೆಕ್-3 ಕುಟುಂಬದ ಪ್ರೋಟೀನ್‌ಗಳು ಆ ವೈರಸ್ಸಿನ ಡಿಎನ್‌ಎಯನ್ನು ಕೆಡಿಸಿದ ಗುರುತುಗಳು ಚಿಂಪಾಂಜಿಯ ಜೀನೋಮಿನಲ್ಲಿರುವ ಅವಶೇಷಗಳಲ್ಲೇ ಸಿಕ್ಕವು. ಆದ್ದರಿಂದ 332ನೆಯ ಸ್ಥಾನದ ಪ್ರಾಮುಖ್ಯ ಖಚಿತ. ಅದನ್ನು ಹೀಗೆ ರೂಪಿಸಿದ್ದು ಈ ವೈರಸ್ಸೇ ಎಂಬ ಮಾತು ಖಚಿತವಲ್ಲ. ಕಥೆ ಸುಂದರವಾಗಿದೆ ಎಂಬ ಕಾರಣಕ್ಕೆ ಎರಡನ್ನೂ ಒಂದೇ ತೂಕದಲ್ಲಿ ಹೇಳಬಾರದು.

ಸುಮನಾ ಅವರ ಎರಡನೆಯ ಪ್ರಶ್ನೆ ನನಗೆ ಹೆಚ್ಚು ಪ್ರಿಯವಾದದ್ದು. ಡಿಎನ್‌ಎಯಲ್ಲಿ ಆಗುವ ಕೆಲವು ಬದಲಾವಣೆಗಳಿಂದ ಅಮೈನೋ ಆಮ್ಲ ಬದಲಾಗುತ್ತದೆ, ಕೆಲವುಗಳಿಂದ ಬದಲಾಗುವುದಿಲ್ಲ. ಎರಡನೆಯ ಬಗೆಯವು ಪ್ರೋಟೀನಿನ ಮಟ್ಟಿಗೆ ಮೌನವಾಗಿರುವುದರಿಂದ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸೇರುತ್ತಾ ಹೋಗುತ್ತವೆ. ಅವೇ ನಮ್ಮ ಅಳತೆಗೋಲು. ಮನುಷ್ಯ, ಚಿಂಪಾಂಜಿ, ಗಿಬ್ಬನ್, ರೀಸಸ್, ಹೀಗೆ ಹಲವು ಪ್ರೈಮೇಟ್‌ಗಳ ಒಂದೇ ಜೀನನ್ನು ಹೋಲಿಸಿದಾಗ, ಅಮೈನೋ ಆಮ್ಲವನ್ನು ಬದಲಿಸುವ ಮಾರ್ಪಾಡುಗಳು ಮೌನ ಮಾರ್ಪಾಡುಗಳಿಗಿಂತ ನಿಧಾನವಾಗಿ ಸೇರಿರುವುದೇ ಸಾಮಾನ್ಯ, ಏಕೆಂದರೆ ಅಂಥವುಗಳಲ್ಲಿ ಹೆಚ್ಚಿನವು ಹಾನಿಕರವಾಗಿದ್ದು ಆಯ್ಕೆಯಲ್ಲಿ ಉಳಿಯುವುದಿಲ್ಲ. ಇದಕ್ಕೆ ವಿರುದ್ಧವಾಗಿ ಅವು ಮೌನ ಮಾರ್ಪಾಡುಗಳನ್ನೂ ಮೀರಿದ ವೇಗದಲ್ಲಿ ಸೇರಿದ್ದರೆ, ಬದಲಾವಣೆಗೇ ಲಾಭವಿತ್ತು ಎಂದರ್ಥ. ಆಕಸ್ಮಿಕವಾಗಿ ಹಾಗಾಗುವ ಸಂಭವ ಕಡಿಮೆ. 2005ರಲ್ಲಿ ಟ್ರಿಮ್5-ಆಲ್ಫಾವನ್ನು ಹೀಗೆ ಹೋಲಿಸಿದಾಗ ಇಂಥ ಬದಲಾವಣೆಗಳು ಹದಿಮೂರು ಅಮೈನೋ ಆಮ್ಲಗಳ ಒಂದು ಸಣ್ಣ ಪಟ್ಟಿಯಲ್ಲಿ ದಟ್ಟವಾಗಿದ್ದವು. 332ನೆಯ ಸ್ಥಾನ ಇರುವುದೂ ಅಲ್ಲೇ. ವೈರಸ್ಸನ್ನು ಮುಟ್ಟುವ ಜಾಗವನ್ನು ಯಾವ ವೈರಸ್ಸನ್ನೂ ನೋಡದೆ, ಕೇವಲ ಜೀನ್‌ಗಳ ಹೋಲಿಕೆಯಿಂದ ಗುರುತಿಸಬಹುದು ಎಂಬುದು ಈ ವಿಧಾನದ ನಿಜವಾದ ಬಲ.

ಇದಕ್ಕೆ ಇನ್ನೊಂದು ಉದಾಹರಣೆಯಾಗಿ ಪಿಕೆಆರ್ ಎಂಬ ರಕ್ಷಣಾ ಪ್ರೋಟೀನನ್ನೂ ನೋಡಿ. ವೈರಸ್ ಒಳಬಂದ ಸುಳಿವು ಸಿಕ್ಕಾಗ ಅದು ಇಐಎಫ್2-ಆಲ್ಫಾ ಎಂಬ ಇನ್ನೊಂದು ಪ್ರೋಟೀನಿಗೆ ಫಾಸ್ಫೇಟ್ ಜೋಡಿಸಿ, ಜೀವಕೋಶದಲ್ಲಿ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಸಿಡುಬಿನ ಕುಟುಂಬದ ವೈರಸ್‌ಗಳು ಇದಕ್ಕೆ ಪ್ರತಿಯಾಗಿ ಇಐಎಫ್2-ಆಲ್ಫಾವನ್ನು ಹೋಲುವ ಕೆ3ಎಲ್ ಎಂಬ ನಕಲಿ ಪ್ರೋಟೀನನ್ನು ಮುಂದೊಡ್ಡಿ ಪಿಕೆಆರ್‌ನ್ನು ದಾರಿ ತಪ್ಪಿಸುತ್ತವೆ. ಪಿಕೆಆರ್‌ನ ಇಕ್ಕಟ್ಟು ಇಲ್ಲಿದೆ: ನಕಲಿಯಿಂದ ತಪ್ಪಿಸಿಕೊಳ್ಳಲು ತಾನು ಬದಲಾಗಬೇಕು, ಆದರೆ ಪ್ರೈಮೇಟ್‌ಗಳಲ್ಲಿ ಬಹುತೇಕ ಬದಲಾಗದೆ ಉಳಿದಿರುವ ಅಸಲಿಯನ್ನು ಗುರುತಿಸುವ ಶಕ್ತಿಯನ್ನು ಬಿಡುವಂತಿಲ್ಲ. 2009ರಲ್ಲಿ ನೆಲ್ಸ್ ಎಲ್ಡೆ ಮತ್ತು ಸಂಗಡಿಗರು ತೋರಿಸಿದಂತೆ, ನಕಲಿ ಬಂದು ಕೂರುವ ಮೇಲ್ಮೈಯಲ್ಲೇ ಪ್ರೈಮೇಟ್‌ಗಳ ಪಿಕೆಆರ್ ಮತ್ತೆ ಮತ್ತೆ ಬದಲಾಗಿದೆ. ಹಾಗಾಗಿಯೇ ಕೆಲವು ಪ್ರಭೇದಗಳಲ್ಲಿ ಕೆ3ಎಲ್ ಪರಿಣಾಮಕಾರಿ, ಕೆಲವುಗಳಲ್ಲಿ ಅಲ್ಲ.

ಸುಮನಾ

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಜನ್ಮಜಾತ ರೋಗನಿರೋಧಕ ಜೀನ್‌ಗಳೆಲ್ಲವೂ ಹೀಗೆ ವೇಗವಾಗಿ ಬದಲಾಗುತ್ತವೆಯೇ? ರೋಗಾಣುಗಳ ಸುಳಿವನ್ನು ಗುರುತಿಸುವ ಟೋಲ್ ಗ್ರಾಹಕಗಳೆಂಬ ಪ್ರೋಟೀನ್‌ಗಳ ವಿಷಯದಲ್ಲಿ ಇದಕ್ಕೆ ತದ್ವಿರುದ್ಧವಾದ ಮಾತನ್ನು ಓದಿದ ನೆನಪು.

ಗುರುಪ್ರಸಾದ್

ನೀವು ಓದಿದ್ದು ಸರಿ. ಟೋಲ್ ಗ್ರಾಹಕಗಳಲ್ಲಿ ಎರಡು ಗುಂಪುಗಳಿವೆ. ಜೀವಕೋಶದೊಳಗಿದ್ದು ವೈರಸ್‌ಗಳ ಡಿಎನ್‌ಎ, ಆರ್‌ಎನ್‌ಎಗಳನ್ನು ಗುರುತಿಸುವ 3, 7, 8 ಮತ್ತು 9ನೆಯ ಗ್ರಾಹಕಗಳಲ್ಲಿ ಹಾನಿಕರ ಬದಲಾವಣೆಗಳು ಮನುಷ್ಯರಲ್ಲಿ ಬಹಳ ಕಟ್ಟುನಿಟ್ಟಾಗಿ ತೊಡೆದುಹೋಗಿವೆ. ವೈರಸ್ ತನ್ನ ಕವಚದ ಆಕಾರವನ್ನು ಬದಲಿಸಬಹುದು, ಆದರೆ ನ್ಯೂಕ್ಲಿಯಿಕ್ ಆಮ್ಲವನ್ನು ಬಿಟ್ಟು ಬದುಕಲಾರದು. ಅದನ್ನು ಗುರುತಿಸುವ ಗ್ರಾಹಕವೂ ಹೆಚ್ಚು ಬದಲಾಗಬೇಕಿಲ್ಲ. ಜೊತೆಗೆ ನಮ್ಮ ಸ್ವಂತ ಡಿಎನ್‌ಎ, ಆರ್‌ಎನ್‌ಎಗಳೂ ಅದೇ ವಸ್ತುಗಳಾದ್ದರಿಂದ, ಅಲ್ಲಿ ಸ್ವಲ್ಪ ತಪ್ಪಿದರೂ ದೇಹ ತನ್ನನ್ನೇ ಶತ್ರುವೆಂದು ಭಾವಿಸುವ ಅಪಾಯವಿದೆ. ಕೋಶದ ಮೇಲ್ಮೈಯಲ್ಲಿರುವ ಗ್ರಾಹಕಗಳಲ್ಲಿ ಇಷ್ಟು ಬಿಗಿಯಿಲ್ಲ. ಬ್ಯಾಕ್ಟೀರಿಯಾದ ಕಶಾಂಗದ (ಚಲನೆಗೆ ಬಳಸುವ ಬಾಲದಂಥ ಅಂಗದ) ಪ್ರೋಟೀನನ್ನು ಗುರುತಿಸುವ 5ನೆಯ ಗ್ರಾಹಕದ ತಯಾರಿಕೆಯನ್ನು ಅರ್ಧಕ್ಕೇ ನಿಲ್ಲಿಸಿಬಿಡುವ ರೂಪಾಂತರವೊಂದು ಎಷ್ಟೋ ಆರೋಗ್ಯವಂತರಲ್ಲಿ ಇದೆ.

ಇಲ್ಲಿಯವರೆಗಿನ ಉತ್ತರಗಳಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ ಎನಿಸುತ್ತದೆ. ರಕ್ಷಣೆ ನೀಡುವ ರೂಪಾಂತರಕ್ಕೆ ದೇಹ ತೆರುವ ಬೆಲೆಯೂ ವಿಕಾಸದ ಲೆಕ್ಕದಲ್ಲಿದೆ. ಎಪಿಒಎಲ್-1 ಎಂಬ ಜೀನಿನ ಪ್ರೋಟೀನ್ ನಮ್ಮ ರಕ್ತದಲ್ಲಿದ್ದು, ಟ್ರಿಪನೋಸೋಮ್ ಎಂಬ ಏಕಕೋಶ ಪರಾವಲಂಬಿಗಳ ಪೊರೆಯಲ್ಲಿ ರಂಧ್ರ ಮಾಡಿ ಅವನ್ನು ಕೊಲ್ಲುತ್ತದೆ. ಮನುಷ್ಯ, ಗೊರಿಲ್ಲಾ ಮತ್ತು ಬಬೂನ್‌ಗಳಲ್ಲಿ ಇದಿದೆ. ಚಿಂಪಾಂಜಿಯಲ್ಲಿ ಕೆಲಸ ಮಾಡುವ ಪ್ರತಿ ಇಲ್ಲ. ಪೂರ್ವ ಆಫ್ರಿಕದಲ್ಲಿ ನಿದ್ರಾರೋಗ ತರುವ ರೊಡೀಸಿಯೆನ್ಸೆ ಎಂಬ ಬಗೆಯ ಪರಾವಲಂಬಿ, ಈ ಪ್ರೋಟೀನನ್ನು ಹಿಡಿದು ನಿಷ್ಕ್ರಿಯಗೊಳಿಸುವ ತನ್ನದೇ ಪ್ರೋಟೀನೊಂದನ್ನು ಬೆಳೆಸಿಕೊಂಡಿದೆ. ಆಫ್ರಿಕನ್ ಮೂಲದ ಜನರಲ್ಲಿ ಕಂಡುಬರುವ ಜಿ2 ಎಂಬ ರೂಪಾಂತರದಲ್ಲಿ ಎರಡು ಅಮೈನೋ ಆಮ್ಲಗಳು ಇಲ್ಲವಾಗಿ ಆ ಹಿಡಿತ ಸಡಿಲಗೊಂಡಿದೆ, ಹೀಗಾಗಿ ಪ್ರೋಟೀನ್ ಮತ್ತೆ ಕೊಲ್ಲಬಲ್ಲದಾಗಿದೆ. ಆದರೆ ಇದೇ ಜೀನಿನ ಜಿ1 ಮತ್ತು ಜಿ2 ಎಂಬ ಎರಡು ರೂಪಾಂತರಗಳ ಪೈಕಿ ಒಟ್ಟು ಎರಡು ಪ್ರತಿಗಳು, ತಂದೆಯಿಂದ ಒಂದು ತಾಯಿಯಿಂದ ಒಂದು, ಯಾರಲ್ಲಿ ಸೇರುತ್ತವೆಯೋ ಅವರಿಗೆ ಮೂತ್ರಪಿಂಡದ ಗಂಭೀರ ಕಾಯಿಲೆಯ ಅಪಾಯ ಬಹಳ ಹೆಚ್ಚು ಎಂದು 2010ರಲ್ಲಿ ತಿಳಿದುಬಂತು. ಪರಾವಲಂಬಿಯಿಂದ ರಕ್ಷಣೆ ಪಡೆಯಲು ಒಂದೇ ಪ್ರತಿ ಸಾಕು, ಮೂತ್ರಪಿಂಡದ ಅಪಾಯ ಹೆಚ್ಚುವುದು ಮುಖ್ಯವಾಗಿ ಎರಡು ಪ್ರತಿಗಳಿದ್ದಾಗ. ಆ ಕಾಯಿಲೆಯೂ ಅನೇಕರಲ್ಲಿ ಮಕ್ಕಳನ್ನು ಹೆತ್ತ ವಯಸ್ಸಿನ ನಂತರವೇ ಕಾಣಿಸಿಕೊಳ್ಳುವುದರಿಂದ ಈ ರೂಪಾಂತರಗಳು ಅಳಿಯದೆ ಉಳಿದಿವೆ.