ಅಮ್ಮನ ಗ್ಲಾಕೋಮಾಗೆ ವಿಟಮಿನ್ ಡಬ್ಬಿ ಸಾಕಾ?

ಕಾಪು ಹುಡುಗ: ಅಮ್ಮನಿಗೆ 63. ಗ್ಲಾಕೋಮಾ, ಅಂದರೆ ಕಣ್ಣಿನ ನರ ನಿಧಾನವಾಗಿ ಹಾಳಾಗುವ ಕಾಯಿಲೆ. ಕಣ್ಣಿನ ಒತ್ತಡ 26ಕ್ಕೆ ಏರಿದೆ, ರಾತ್ರಿ ಡ್ರಾಪ್ಸ್ ಹಾಕಬೇಕು. ಪಕ್ಕದ ಮನೆಯವರು ವಾಟ್ಸಾಪ್ ನೋಡಿ ವಿಟಮಿನ್ ಬಿ3 ಡಬ್ಬಿ ತಂದುಕೊಟ್ಟರು. ಅಮ್ಮ ಅದನ್ನು ದೇವರ ಫೋಟೋ ಕೆಳಗೇ ಇಟ್ಟಿದ್ದಾರೆ! ಡ್ರಾಪ್ಸ್ ಉರಿಯುತ್ತದೆ, ಇದೇ ಸಾಕು ಅಂತಾರೆ. ಏನು ಹೇಳಲಿ?

ಮಣಿಪಾಲದ ಅಕ್ಕ: ಡ್ರಾಪ್ಸ್ ನಿಲ್ಲಿಸಲು ಬಿಡಬೇಡಿ ಮಾರಾಯ್ರೆ. ನನ್ನ ಅಪ್ಪ ಹೀಗೇ ಆರು ತಿಂಗಳು ನಿಲ್ಲಿಸಿದ್ದರು. ನೋವಿಲ್ಲ, ಏನಿಲ್ಲ. ಒಂದು ದಿನ ಅಂಗಳದ ತುಳಸಿಕಟ್ಟೆಗೆ ಮೊಣಕಾಲು ಬಡಿಯಿತು. ಬದಿಯ ನೋಟ ಹೋಗಿತ್ತು. ಹೋದದ್ದು ವಾಪಸ್ ಬರಲ್ಲ. ಬಿ3 ಪೂರ್ತಿ ಸುಳ್ಳಲ್ಲ. 2017ರಲ್ಲಿ ಇಲಿಗಳಲ್ಲಿ ಅದು ಕಣ್ಣಿನ ನರವನ್ನು ಕಾಪಾಡಿದ್ದು ಕಂಡುಬಂತು. ಆಮೇಲೆ ಮನುಷ್ಯರಿಗೆ ದಿನಕ್ಕೆ 3 ಗ್ರಾಂವರೆಗೆ ಕೊಟ್ಟು ನೋಡಿದರು, ಡ್ರಾಪ್ಸ್ ಜೊತೆಗೇ. ಊಟದಲ್ಲಿ ಸಿಗುವುದು ಬರೀ ಮಿಲಿಗ್ರಾಂ ಲೆಕ್ಕ. ಅಷ್ಟು ಜಾಸ್ತಿ ಸುಮ್ನೆ ನುಂಗಿದರೆ ಲಿವರ್ ಕೆಡಬಹುದು.

ಸುರತ್ಕಲ್ ಭಟ್ರು: ಹರಿವೆ, ಬಸಳೆ ಧಾರಾಳ ತಿನ್ನಲಿ. ಅಮೆರಿಕದ ನರ್ಸ್‌ಗಳ, ಇತರ ಆರೋಗ್ಯ ಸಿಬ್ಬಂದಿಯ ಊಟವನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2016ರಲ್ಲಿ ಬಂತು. ಸೊಪ್ಪಿನಿಂದ ನೈಟ್ರೇಟ್ ಎಂಬ ಲವಣ ಜಾಸ್ತಿ ಸಿಕ್ಕವರಲ್ಲಿ ಗ್ಲಾಕೋಮಾ ಶೇ 20ರಿಂದ 30 ಕಡಿಮೆ. ವಿಟಮಿನ್ ಅಲ್ಲ, ನೈಟ್ರೇಟ್! ಆದರೆ ಅದು ಕಾಯಿಲೆ ಬರುವ ಮೊದಲಿನ ಮಾತು, ಅಲ್ವಾ?

ಕಾಪು ಹುಡುಗ: ಥ್ಯಾಂಕ್ಸ್ ಅಕ್ಕ, ಭಟ್ರೇ. ತುಳಸಿಕಟ್ಟೆ ಕಥೆ ಅಮ್ಮನಿಗೆ ಓದಿ ಹೇಳಿದೆ. ಡ್ರಾಪ್ಸ್ ಹಾಕಿಸಿಕೊಂಡರು. ಉರಿಯ ವಿಷಯ ಸೋಮವಾರ ಡಾಕ್ಟರ ಹತ್ತಿರ ಕೇಳುತ್ತೇನೆ, ಡಬ್ಬಿಯನ್ನೂ ಒಯ್ಯುತ್ತೇನೆ. ಇವತ್ತು ಬಸಳೆ ಪದಾರ್ಥ, ಸಿಗಡಿ ಹಾಕಿ.