ಸಹಾಯ ಬೇಕು: ಹಿಂದಿನ ಟೈರ್ ಒಂದೊಂದು ಒಂದೊಂಥರಾ, ಗಾಡಿ ಜಾರಾಕತ್ತೈತಿ

ನಮಸ್ಕಾರ್ರೀ, ಹುಬ್ಬಳ್ಳ್ಯಾಗ ಇರ್ತೀನಿ, ಹೋದ ತಿಂಗಳ ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಝಡ್4 ಕಾರ್ ತಗೊಂಡೀನಿ (ಮನ್ಯಾಗ ಇನ್ನೂ ಬೈಸ್ಕೊಳ್ಳಾಕತ್ತೀನಿ, ಅದ್ ಬ್ಯಾರೆ ಮಾತು). ಮುಂದ 225/40 ಆರ್18 ಒಂದ ಜೋಡಿ, ಹಿಂದ 255/35 ಸೈಜೇನೋ ಸರಿ ಐತಿ ಆದ್ರ ಎಡಕ್ಕ ಹೊಸಾ ರನ್‌ಫ್ಲಾಟ್ (ಪಂಚರಾದ್ರೂ ಸ್ವಲ್ಪ ದೂರ ಓಡಿಸಬಹುದಾದ ಟೈರ್), ಬಲಕ್ಕ ಸವದಿದ್ದ ಸಾದಾ ಟೈರ್, ಮ್ಯಾಲೆ 2218 ಅಂತೈತಿ ಅಂದ್ರ 2018ರ 22ನೇ ವಾರದ್ದು. ಒಣ ರೋಡಿನ್ಯಾಗ ಗೊತ್ತಾಗಂಗಿಲ್ಲ, ಮೊನ್ನೆ ಮಳ್ಯಾಗ ಧಾರವಾಡ ಬೈಪಾಸಿನ್ಯಾಗ ಎಡಕ್ಕ ತಿರುವುವಾಗ ಭಾರೆಲ್ಲಾ ಆ ಬಲಗಡೆ ಟೈರಿಗೆ ಬಿದ್ದು ಹಿಂಭಾಗ ಸರ್ರಂತ ಜಾರ್ತು, ಜೀವಾನ ಬಾಯಿಗೆ ಬಂತ್ರಿ. ಬಲಕ್ಕ ತಿರುವಿದ್ರ ಏನಿಲ್ಲ. ಟೈರ್ ಅಂಗಡ್ಯಾಂವ ಒಂದ ಹಾಕ್ಸಿದ್ರ ಸಾಕಂತಾನ, ನನಗ ನಂಬಿಕಿ ಇಲ್ಲ. ಹಿಂದಿನವೆರಡೂ ಹಾಕ್ಸ್ಲೋ, ನಾಲ್ಕೂನೋ? ಸ್ಟೆಪ್ನಿ ಇಲ್ಲದ ಗಾಡಿ, ರನ್‌ಫ್ಲಾಟ್ ಬಿಡಬಹುದಾ? ಓಡಿಸಿದವ್ರು ಹೇಳ್ರಿ.